ಎರಡು ಸಲ ಒರೆಸಿದ ಬಟ್ಟಲು

ಸಾಲಿನ ಕೊನೆಗೆ ಹೋಗೆಂದು ಅವನಿಗೆ ಯಾರೂ ಹೇಳಲಿಲ್ಲ, ಅವನೇ ಹೋಗಿ ನಿಂತ ಎಂದು ಹನ್ನೊಂದು ವರ್ಷ ಮನೆಯಾಚೆ ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಸುಳ್ಳು. ಹೇಳಿದವನು ನಾನೇ.

ಅವನು ಆಸ್ಪತ್ರೆಯ ಹೆಣದ ಮನೆಯಲ್ಲಿ ಕೆಲಸದವನು. ಸತ್ತವರನ್ನು ತೊಳೆದು, ಬಟ್ಟೆ ತೊಡಿಸಿ ಮನೆಯವರಿಗೆ ಒಪ್ಪಿಸುತ್ತಾನೆ. ನನ್ನದು ಕನ್ನಡಕದ ಅಂಗಡಿ, ದಿನವಿಡೀ ಗಾಜು ಒರೆಸುವ ಕೈ. ನಮ್ಮ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ಪಾದ್ರಿಗಳು ರೊಟ್ಟಿ ಮುರಿದು ಕೊಡುತ್ತಾರೆ. ಅವರ ಪಕ್ಕದಲ್ಲಿ ನಿಂತು ನಾನು ದ್ರಾಕ್ಷಾರಸದ ಬಟ್ಟಲು ಹಿಡಿಯುತ್ತೇನೆ. ಎಲ್ಲರಿಗೂ ಒಂದೇ ಬಟ್ಟಲು. ಒಬ್ಬರು ಒಂದು ಗುಟುಕು ಕುಡಿದ ಮೇಲೆ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಸ್ವಲ್ಪ ತಿರುಗಿಸಿ ಮುಂದಿನವರಿಗೆ ಹಿಡಿಯಬೇಕು. ಈ ಕೆಲಸ ನನಗೆ ಸಿಕ್ಕಾಗ ಅಮ್ಮ, "ಹುಟ್ಟಿದ ದಿನ ಸೂಲಗಿತ್ತಿಗೂ ಬಿಡದೆ ತನ್ನ ಮೈ ತಾನೇ ಒರೆಸಿಕೊಂಡವನು ಇವನು. ಸರಿಯಾದವನನ್ನೇ ಹಿಡಿದಿದ್ದಾರೆ" ಎಂದು ನಕ್ಕಿದ್ದಳು.

ಅವನು ಹೊಸದಾಗಿ ಬಂದ ತಿಂಗಳು ಮೂರನೇ ಬೆಂಚಿನಲ್ಲಿ ಕೂತಿದ್ದ. ಸಾಲಿನಲ್ಲಿ ಅವನ ಹಿಂದೆ ಜವಳಿ ಅಂಗಡಿಯವರ ಹೆಂಡತಿ. ನಾನು ಬಟ್ಟಲು ಹಿಡಿದರೆ ಆಕೆ ತುಟಿ ಬಿಗಿದುಕೊಂಡು, ಬೇಡವೆಂದು ತಲೆಯಾಡಿಸಿ ಹೋದರು. ಆಕೆಯ ಹಿಂದಿದ್ದವರೂ ಹಾಗೆಯೇ ಮಾಡಿದರು. ಮುಂದಿನ ತಿಂಗಳು ಅವನು ಎದ್ದಾಗ, ಎದ್ದಿದ್ದ ಕೆಲವರು ಮತ್ತೆ ಕೂತರು, ಉಳಿದವರು ಅವನಿಗಿಂತ ಮುಂದೆ ಹೋಗಲು ನುಗ್ಗಿದರು. ಪಾದ್ರಿಗಳು ನನ್ನ ಮುಖ ನೋಡಿದರು. ಅವರಿಗೇನು ಬೇಕೆಂದು ನನಗೆ ಅರ್ಥವಾಯಿತು.

ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವನನ್ನು ನಿಲ್ಲಿಸಿದೆ. "ಅಣ್ಣಾ, ಇನ್ಮೇಲೆ ನೀವು ಸ್ವಲ್ಪ ಕೊನೆಗೆ ಬಂದ್ರೆ ಎಲ್ಲರಿಗೂ ಅನುಕೂಲ" ಎಂದೆ. ಅಣ್ಣಾ ಎನ್ನುತ್ತಲೇ ಹಿಂದಕ್ಕೆ ತಳ್ಳುವ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಅವನು ತನ್ನ ಕೈಗಳನ್ನೊಮ್ಮೆ ನೋಡಿಕೊಂಡ.

"ಆಗಲಿ ಸರ್" ಎಂದ.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿದೆ ಎಂದು ಊಟದ ಹೊತ್ತಿಗೆ ಮನೆಯಲ್ಲಿ ಜಂಬ ಕೊಚ್ಚಿಕೊಂಡೆ. ಹೆಂಡತಿ ಶಹಬ್ಬಾಸ್ ಎಂದಳು. ಅಮ್ಮ ಅರ್ಧ ಊಟಕ್ಕೇ ಎದ್ದು ಹೋದಳು.

ಮುಂದಿನ ತಿಂಗಳಿಂದ ಅಮ್ಮನಿಗೆ ಮಂಡಿ ನೋವು ಶುರುವಾಯಿತು. "ಎಲ್ಲರೂ ಹೋಗಲಿ ಬಿಡು, ನಾನು ನಿಧಾನಕ್ಕೆ ಬರ್ತೀನಿ" ಎಂದು ಅವನಿಗಿಂತಲೂ ಹಿಂದೆ, ಕಟ್ಟಕಡೆಗೆ ನಿಲ್ಲತೊಡಗಿದಳು. ಮನೆಯಲ್ಲಿ ಮಾತ್ರ ಅದೇ ಮಂಡಿಯಲ್ಲಿ ಸ್ಟೂಲ್ ಹತ್ತಿ ಫ್ಯಾನ್ ಒರೆಸುತ್ತಿದ್ದಳು, ಬಟ್ಟೆ ಒಣಹಾಕಲು ಮೂರು ಮಹಡಿ ಹತ್ತುತ್ತಿದ್ದಳು. ನನಗೆ ಅನುಮಾನವೇ ಬರಲಿಲ್ಲ ಎಂದರೆ ಅದೂ ಸುಳ್ಳು. ಬಂತು, ಕೇಳಲಿಲ್ಲ. ಆದರೆ ಒಂದು ಕೆಲಸ ಮಾಡಿದೆ. ಉಳಿದವರಿಗೆಲ್ಲ ಅಂಚನ್ನು ಒಂದು ಸಲ ಒರೆಸುತ್ತಿದ್ದವನು, ಅವನು ಕುಡಿದ ಮೇಲೆ ಅಮ್ಮನಿಗೆಂದು ಎರಡು ಸಲ ಒರೆಸಿದೆ. ಹೆತ್ತ ತಾಯಿಯಲ್ಲವೇ! ತಿಂಗಳು ತಿಂಗಳೂ ಹಾಗೇ ಒರೆಸಿದೆ.

ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳಿಗೆ ತೊಡಿಸಬೇಕಾದ ಬಟ್ಟೆಯ ಚೀಲ ಹಿಡಿದು ಹೆಣದ ಮನೆಗೆ ಹೋದೆ. ಬಿಳಿ ಟೈಲ್ಸು, ಸ್ಟೀಲಿನ ಮೇಜು, ಗೋಡೆಗೆ ಸುತ್ತಿಟ್ಟ ರಬ್ಬರ್ ಪೈಪು. ನಾನು ಬಾಗಿಲಲ್ಲೇ ನಿಂತೆ.

"ಬನ್ನಿ ಸರ್, ಒಳಗೆ ಬನ್ನಿ. ಬಾಗಿಲಲ್ಲಿ ಯಾಕೆ ನಿಂತ್ರಿ?" ಎಂದ ಅವನು.

ಹನ್ನೊಂದು ವರ್ಷದಲ್ಲಿ ಆ ಮಾತನ್ನು ನಾನು ಅವನಿಗೆ ಒಮ್ಮೆಯೂ ಆಡಿರಲಿಲ್ಲ.

ಅವನು ಬಕೆಟ್ಟಿಗೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿದ. "ಅಮ್ಮನಿಗೆ ತಣ್ಣೀರು ಆಗಲ್ಲ" ಎಂದ. ಕೈಗವಸು ಬಿಚ್ಚಿಟ್ಟು ಅವಳ ಮುಖ ತೊಳೆದ, ಕಿವಿಯ ಹಿಂದೆ ತೊಳೆದ. ಹೊದಿಕೆಯ ಅಡಿಯಲ್ಲಿ ಕೈ ತೂರಿಸಿ ಕಾಲು ತೊಳೆಯುವಾಗ ನನಗೆ ಸುಮ್ಮನಿರಲಾಗಲಿಲ್ಲ. "ಆ ಮಂಡಿ ನೋವಿಂದ ಪಾಪ ತುಂಬಾ ಒದ್ದಾಡಿದಳು" ಎಂದೆ.

"ಮಂಡಿ ನೋವಾ?" ಅವನಿಗೆ ನಗು ಬಂತು. ತಡೆದುಕೊಂಡ. "ಮೊದಲನೇ ದಿನ ನನ್ನ ಹಿಂದೆ ಬಂದು ನಿಂತಾಗ, ನೀವು ಮುಂದೆ ಹೋಗಿ ಅಮ್ಮಾ ಅಂದೆ. 'ನಿನ್ನನ್ನ ಇಲ್ಲಿ ನಿಲ್ಲಿಸಿದವನನ್ನ ಹೆತ್ತವಳು ನಾನೇ ಕಣಪ್ಪಾ. ಇನ್ನೆಲ್ಲಿ ನಿಂತ್ಕೊಳ್ಳಲಿ?' ಅಂದ್ರು."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವನು ಟವೆಲಿನಿಂದ ಅವಳ ಪಾದ ಒತ್ತಿದ, ಬೆರಳುಗಳ ಸಂದಿಯಲ್ಲೂ.

"ಪ್ರತಿ ತಿಂಗಳೂ ನನ್ನ ಹತ್ರ ಪಂದ್ಯ ಕಟ್ಟೋರು ಸರ್, ಒಂದು ಪೆಪ್ಪರ್‌ಮೆಂಟಿಗೆ. 'ಇವತ್ತು ನೋಡ್ತಿರು, ನನ್ನ ಮಗ ಒಂದೇ ಸಲ ಒರೆಸ್ತಾನೆ' ಅನ್ನೋರು. ನಾನು ಎರಡು ಅಂತಿದ್ದೆ."

ಅವನು ಟವೆಲ್ ಮಡಚಿಟ್ಟು ಬಾಚಣಿಗೆ ತೆಗೆದುಕೊಂಡ.

"ಯಾವಾಗಲೂ ನಾನೇ ಗೆದ್ದೆ. 'ಹೆತ್ತವರಿಗೆ ಹೆಗ್ಗಣ ಮುದ್ದು' ಅಂತ ನಕ್ಕೊಂಡು ಪೆಪ್ಪರ್‌ಮೆಂಟ್ ಕೊಟ್ಟುಬಿಡೋರು. ಆದ್ರೆ ನೀವು ಎರಡನೇ ಸಲ ಒರೆಸೋವಾಗ ಮಾತ್ರ ಅಮ್ಮ ನನ್ನ ಮುಖ ನೋಡ್ತಿರಲಿಲ್ಲ. ನೆಲ ನೋಡ್ತಿದ್ರು."

ನಾನು ಹಿಡಿಯಷ್ಟಾದೆ. ನೂರಕ್ಕೂ ಹೆಚ್ಚು ಭಾನುವಾರ ಅಮ್ಮ ನನ್ನ ಪರವಾಗಿ ಪಂದ್ಯ ಕಟ್ಟಿ ಸೋತಿದ್ದಳು. ಅವಳ ಕಣ್ಣೆದುರೇ, ಅವಳಿಗೆ ಒಳ್ಳೆಯದಾಗಲಿ ಎಂದುಕೊಂಡು ನಾನು ಅವಳ ತಲೆ ತಗ್ಗಿಸಿದ್ದೆ.

"ಇನ್ಮೇಲೆ ನೀವು ಮುಂದೆ ಬನ್ನಿ ಅಣ್ಣಾ" ಎಂದೆ.

ಅವನು ಅಮ್ಮನ ತಲೆ ಬಾಚುತ್ತಿದ್ದ. "ನೀವು ಹಿಂದೆ ಬನ್ನಿ ಸರ್" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈ ತಿಂಗಳ ಮೊದಲ ಭಾನುವಾರ ಬಂತು. ಬಟ್ಟಲು ಹಿಡಿಯುವವನು ಎಲ್ಲರಿಗಿಂತ ಮೊದಲು ಕುಡಿಯುವುದು ವಾಡಿಕೆ. ಪಾದ್ರಿಗಳು ಬಟ್ಟಲು ಚಾಚಿದಾಗ, ನಾನು ಆಮೇಲೆ ಕುಡಿಯುತ್ತೇನೆ ಎಂದೆ. ಜವಳಿ ಅಂಗಡಿಯವರ ಹೆಂಡತಿ ಬಂದು ಕುಡಿದು ಮುಂದಿನ ಬೆಂಚಿನಲ್ಲಿ ಕೂತರು. ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಒರೆಸಿದೆ, ತಿರುಗಿಸಿದೆ. ಕೊನೆಗೆ ಅವನು ಬಂದು ಒಂದು ಗುಟುಕು ಕುಡಿದ. ಅವನ ಹಿಂದೆ ಯಾರೂ ಇರಲಿಲ್ಲ. ಬರಿಯ ನೆಲ, ಅಮ್ಮ ನೋಡುತ್ತಿದ್ದ ನೆಲ.

ಅಭ್ಯಾಸಬಲ, ಬಟ್ಟೆ ಹಿಡಿದ ಕೈ ತಾನಾಗಿ ಅಂಚಿನವರೆಗೆ ಬಂತು. ಬಟ್ಟೆಯನ್ನು ಮೇಜಿನ ಮೇಲಿಟ್ಟೆ. ವೇದಿಕೆಯ ಮೆಟ್ಟಿಲಿಳಿದು ಅವನ ಹಿಂದೆ ಹೋಗಿ ನಿಂತು, ಬಟ್ಟಲನ್ನು ತಿರುಗಿಸದೆ, ಅವನು ಕುಡಿದ ಜಾಗದಲ್ಲೇ ಕುಡಿದೆ. ಚರ್ಚಿನಲ್ಲಿ ಯಾರೋ ಕೆಮ್ಮಿದರು. ಪಾದ್ರಿಗಳು ಪುಸ್ತಕದ ಹಾಳೆ ಹುಡುಕತೊಡಗಿದರು.

ಅವನು ಜೇಬಿಗೆ ಕೈ ಹಾಕಿ ಒಂದು ಪೆಪ್ಪರ್‌ಮೆಂಟ್ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಅಮ್ಮ ಗೆದ್ರು" ಎಂದ, ಮೆಲ್ಲಗೆ.

ಗೆದ್ದದ್ದನ್ನು ನೋಡಲು ಅವಳಿರಲಿಲ್ಲ. ಪೆಪ್ಪರ್‌ಮೆಂಟನ್ನು ಬಾಯಿಗೆ ಹಾಕಿಕೊಂಡು ತಲೆ ತಗ್ಗಿಸಿ ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಜವಳಿ ಅಂಗಡಿಯವರ ಹೆಂಡತಿ ಕಾಯುತ್ತಿದ್ದರು. ಆಕೆಯ ದನಿಯಲ್ಲಿ ಸಕ್ಕರೆ ಸುರಿಯುತ್ತಿತ್ತು.

"ತಪ್ಪು ತಿಳ್ಕೋಬೇಡಿ ಅಣ್ಣಾ. ಬಟ್ಟಲು ಇನ್ಮೇಲೆ ಬೇರೆ ಯಾರಾದ್ರೂ ಹಿಡೀಲಿ. ನೀವೂ ಸ್ವಲ್ಪ ಕೊನೆಗೆ ಬಂದ್ರೆ ಎಲ್ಲರಿಗೂ ಅನುಕೂಲ."

ಅವನು ನಾಲ್ಕು ಹೆಜ್ಜೆ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ನನ್ನ ಕೈಗಳನ್ನೊಮ್ಮೆ ನೋಡಿಕೊಂಡೆ.

"ಆಗಲಿ" ಎಂದೆ.