ರಾಪೊ ತಾತ ಹಿಡಿದ ಶ್ರುತಿ

ಮಂಗಳವಾರ ಬೆಳಿಗ್ಗೆ ವ್ಲೋರ ಪಟ್ಟಣದ ಸ್ಟುಡಿಯೋದಲ್ಲಿ ಲುವಾನ್ ಮೊದಲು ಮೈಕುಗಳನ್ನು, ನಂತರ ಮಿಕ್ಸರನ್ನು, ಕೊನೆಗೆ ಟೇಪ್ ಯಂತ್ರವನ್ನು ಜೋಡಿಸಿದನು. ಮಿಕ್ಸರಿಗೂ ಟೇಪ್ ಯಂತ್ರಕ್ಕೂ ಬೇರೆ ಬೇರೆ ಕಡೆ ಅರ್ಥಿಂಗ್ ಕೊಟ್ಟಿದ್ದರಿಂದ ಹೆಡ್‌ಫೋನಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಂಡಿತು.

ಗುಂಪಿನ ಹಾಡಿನುದ್ದಕ್ಕೂ ಶ್ರುತಿಯಂತೆ ಒಂದೇ ಸ್ವರ ಹಿಡಿದು ನಿಲ್ಲುವ ರಾಪೊ ತಾತ ಹೆಡ್‌ಫೋನನ್ನು ಕಿವಿಗಿಟ್ಟು ನಕ್ಕರು. "ನಿನ್ನ ಪೆಟ್ಟಿಗೆ ನನಗಿಂತ ಮೊದ್ಲೇ ಶ್ರುತಿ ಹಿಡಿದೈತಲ್ಲೋ ಮಗಾ. ಅದರ ಜೊತೆಗೇ ನಿಲ್ತೀನಿ ಬಿಡು."

"ಆ ಸದ್ದು ಆಮೇಲೆ ತೆಗೀತೀನಿ ತಾತ, ನೀವು ಹಾಡಿ."

ಶುಕ್ರವಾರ ತಾತ ತೀರಿಕೊಂಡರು. ಅವರ ಮಗಳು ಸಾನೀಯೆ ಬಂದಳು. "ನಿನ್ನ ಈ ಟೇಪ್ ಬಿಟ್ರೆ ಅಪ್ಪನ ದನಿ ಬೇರೆಲ್ಲೂ ಇಲ್ಲ ಕಣಪ್ಪ. ಆ ಗುಂಯ್ ಒಂದು ತೆಗೆದುಕೊಡು."

ಲುವಾನ್ ವಾರಗಟ್ಟಲೆ ಪ್ರಯತ್ನಿಸಿದನು. ಸದ್ದನ್ನು ಸೋಸಿದಷ್ಟೂ ಅದೇ ಸ್ವರದಲ್ಲಿದ್ದ ತಾತನ ದನಿಯೂ ಅಳಿಯುತ್ತಿತ್ತು. ಎರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲವೆಂದು ಕಂಡುಬಂದಿತು.