ಅತ್ತೆಯ ಬೀರು, ನನ್ನ ಕ್ರಿಯಾಪದ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಪದಕ್ಕೆ ಅರ್ಥ ಬರೆದವರು ಶುಕ್ರವಾರದ ಸಭೆಯಲ್ಲಿ ಎದ್ದು ನಿಂತು ಓದಬೇಕು. ಉಳಿದವರು ಮೇಲೆ ಬೀಳುತ್ತಾರೆ. ಬರೆದವರು ಸೋತರೆ ಅರ್ಥಕ್ಕೆ ಕೆಂಪು ಗೆರೆ. ನಾನು ಸೇರಿದಂದಿನಿಂದ ನನ್ನದೆಲ್ಲ ಕೆಂಪೇ. ಯಾರಾದರೂ ಕೆಮ್ಮಿದರೂ ಸಾಕು, "ನೀವು ಹೇಳೋದೇ ಸರಿ ಅನ್ಸುತ್ತೆ" ಎಂದು ಕೂತುಬಿಡುತ್ತಿದ್ದೆ.

"ಈ ಸಲ ಒಂದಾದ್ರೂ ಉಳಿಸ್ಕೊಳ್ಳಮ್ಮ. ಇಲ್ದಿದ್ರೆ ನಿನ್ನ ಕೆಲಸ ಖಾಯಂ ಮಾಡೋದು ನನ್ನ ಕೈಲಾಗಲ್ಲ," ಎಂದರು ಪ್ರಧಾನ ಸಂಪಾದಕರು. ನನ್ನ ಪಾಲಿಗೆ ಬಂದ ಪದ 'ಪ್ರತಿಪಾದಿಸು'. ಈಜು ಬಾರದವಳಿಗೆ ದೋಣಿ ಒಪ್ಪಿಸಿದ ಹಾಗೆ.

ಶುಕ್ರವಾರ ಬೆಳಿಗ್ಗೆ ಸೋದರತ್ತೆಯ ಹೊಸ ಬೀರು ಬಂದು ಮುಂಬಾಗಿಲಲ್ಲಿ ಸಿಕ್ಕಿಕೊಂಡಿತು. ಅರ್ಧ ಒಳಗೆ, ಅರ್ಧ ಬೀದಿಗೆ.

"ಬಾಗಿಲು ಅಳತೆ ಮಾಡಿದ್ಯೇನಕ್ಕಾ?" ಅಪ್ಪ ಕೇಳಿದರು.

"ಅಳೆಯೋದೇನು, ನನ್ನ ಕಣ್ಣಳತೆ ಸಾಲ್ದಾ? ಹೋಗೇ ಹೋಗುತ್ತೆ."

"ಹೋಗ್ತಿಲ್ವಲ್ಲಕ್ಕಾ!"

"ಬಾಗಿಲು ಒಂಚೂರು ಕುಗ್ಗಿದೆ ಕಣೋ."

ಅತ್ತೆ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಹಿಂಬಾಗಿಲಿಲ್ಲದ ಮನೆ, ಸರಳಿಲ್ಲದ ಅಡುಗೆಮನೆ ಕಿಟಕಿ ದಾಟಿ ಕಚೇರಿಗೆ ಓಡಿದೆ.

ಸಭೆಯಲ್ಲಿ ಓದಿದೆ: "ಪ್ರತಿಪಾದಿಸು: ತನ್ನ ಮಾತೇ ನಿಜವೆಂದು ದೃಢವಾಗಿ ಹೇಳು."

ಹಿರಿಯ ಸಂಪಾದಕರು, ಬೆನ್ನ ಹಿಂದೆ ಎಲ್ಲರೂ 'ಕತ್ತರಿ' ಎಂದು ಕರೆಯುವವರು, ಕೆಂಪು ಪೆನ್ನು ತೆಗೆದರು. "ಸಾಲದು. 'ಆಧಾರ ಕೊಟ್ಟು ಸಾಬೀತು ಮಾಡು' ಅಂತ ತಿದ್ದಿ."

"ನೀವು ಹೇಳೋದೇ..." ಎಂದು ಕೂರಲು ಹೋದೆ. ಕಿಟಕಿಯಲ್ಲಿ ತರಚಿದ ಮೊಣಕಾಲು ಚುರ್ರೆಂದಿತು. ಕೂರಲಾಗಲಿಲ್ಲ. ನಿಂತ ಮೇಲೆ ಏನಾದರೂ ಹೇಳಲೇಬೇಕಲ್ಲ.

"ಇಲ್ಲ ಸರ್. ಸಾಬೀತು ಆಮೇಲಿನ ಮಾತು. ಆಧಾರ ಇಲ್ದೇನೂ ಪ್ರತಿಪಾದಿಸ್ಬಹುದು."

"ಎಲ್ಲಿ, ಪ್ರಯೋಗ ಕೊಡಿ?"

"'ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿದ್ದರೂ ಅದು ಒಳಗೆ ಹೋಗುತ್ತದೆಂದು ಅತ್ತೆ ಪ್ರತಿಪಾದಿಸಿದರು.'"

"ಯಾವ ಗ್ರಂಥದ್ದು ಇದು?"

"ನಮ್ಮನೇದು ಸರ್. ಬೀರು ಇನ್ನೂ ಅಲ್ಲೇ ಇದೆ, ಬೇಕಾದ್ರೆ ಬಂದು ನೋಡಿ. ಕಿಟಕಿಯಿಂದ ಬರ್ಬೇಕು, ಅಷ್ಟೇ."

ಯಾರೋ ಕಿಸಕ್ಕೆಂದರು. ಕತ್ತರಿಯವರು ಪೆನ್ನಿಗೆ ಮುಚ್ಚಳ ಹಾಕಿದರು. "ನಮ್ಮನೇಲೂ ಒಬ್ರಿದಾರೆ," ಎಂದರು ಮೆಲ್ಲಗೆ. ಪ್ರಧಾನ ಸಂಪಾದಕರು ನನ್ನತ್ತ ನೋಡಿ ಹೂಂ ಎಂದು ತಲೆಯಾಡಿಸಿದರು.

ಸಂಜೆ ಬೀರುವಿನ ಆಚೆಯಿಂದ ಅತ್ತೆಯ ದನಿ: "ಕೆಲಸ ಖಾಯಂ ಆಯ್ತೇನೇ?"

"ಆಯ್ತು ಅನ್ಸು... ಆಯ್ತು." ಅದೇ ಬಿಸಿಯಲ್ಲಿ ಇನ್ನೊಂದನ್ನೂ ಕಡ್ಡಿ ಮುರಿದಂತೆ ಹೇಳಿಬಿಟ್ಟೆ: "ಅತ್ತೆ, ಬೀರು ಹೋಗಲ್ಲ."

ಆಚೆಯಿಂದ ಅತ್ತೆ ಬೀರುವಿಗೊಂದು ಗುದ್ದು ಕೊಟ್ಟರು.

"ಕೆಲಸ ಖಾಯಂ ಆಗ್ತಿದ್ದ ಹಾಗೇ ಬಾಯಿ ಬಂತು ನೋಡು! ಹೋಗುತ್ತೆ. ಈಗ ನೀನು ಕಿಟಕಿ ಹತ್ತಿ ಬಾ, ಊಟ ಆರುತ್ತೆ."