ಅಪ್ಪನ ಮೊದಲ ತುತ್ತು

ಕಡಲೆಬೀಜ ಹುರಿಯುವ ಕಾರ್ಖಾನೆಯಲ್ಲಿ ಅವನಿಗೆ ‘ನಾಲಿಗೆ ಸಾಹೇಬ’ ಎಂದು ಹೆಸರು. ಹುರಿದು ಇಳಿಸಿದ ಪ್ರತಿ ಒಬ್ಬೆಯಿಂದಲೂ ನಾಲ್ಕು ಬೀಜ ಎತ್ತಿಕೊಂಡು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದು, ‘ಹೋಗಲಿ’ ಅಥವಾ ‘ಬೇಡ’ ಎನ್ನುವುದು ಅವನ ಕೆಲಸ. ‘ಹೋಗಲಿ’ ಎಂದರೆ ಆ ಒಬ್ಬೆ ಪೊಟ್ಟಣಕ್ಕೆ, ‘ಬೇಡ’ ಎಂದರೆ ಹಿತ್ತಲಿನ ಡ್ರಮ್ಮಿಗೆ. ಸೀದದ್ದು, ಹಸಿ ಉಳಿದದ್ದು, ಮುಗ್ಗಿದ್ದು, ಕಮಟು ಹತ್ತಿದ್ದು ಯಾವುದೂ ಅವನ ಬಾಯಿ ತಪ್ಪಿಸಿಕೊಂಡು ಹೋಗುವಂತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ನಾಲಿಗೆ ತಪ್ಪು ಹೇಳಿರಲಿಲ್ಲ. ಅದರ ಬಗ್ಗೆ ಅವನಿಗೆ ಒಂದಿಷ್ಟು ಜಂಬವಿತ್ತು. ಇರಲಿ ಬಿಡಿ, ಮನುಷ್ಯನಿಗೆ ಏನಾದರೊಂದು ಬೇಕಲ್ಲ.

ಅಂಥವನ ಮಗಳಿಗೆ ಕಡಲೆಬೀಜವೇ ಆಗಿಬರುವುದಿಲ್ಲ ಎಂದು ತಿಳಿದಾಗ ಕಾರ್ಖಾನೆಯವರು ಮೊದಲು ನಕ್ಕರು. “ಈಜು ಕಲಿಸೋನ ಮಗಳಿಗೆ ನೀರು ಕಂಡ್ರೆ ಭಯ ಅಂದ ಹಾಗಾಯ್ತು” ಎಂದ ಹುರಿಯುವವನು. ಆಗಿಬರುವುದಿಲ್ಲ ಎಂದರೆ ಏನೆಂದು ಅವನು ಬಿಡಿಸಿ ಹೇಳಿದ ಮೇಲೆ ಯಾರೂ ನಗಲಿಲ್ಲ. ಒಂದೂವರೆ ವರ್ಷದ ಕೂಸು ನೆಲದ ಮೇಲೆ ಬಿದ್ದಿದ್ದ ಅರ್ಧ ಬೀಜವನ್ನು ಬಾಯಿಗೆ ಹಾಕಿಕೊಂಡಿತ್ತು. ಅದು ಅವನ ಅಂಗಿಯ ಜೇಬಿನಿಂದ ಉದುರಿದ ಬೀಜ. ಹತ್ತು ನಿಮಿಷದೊಳಗೆ ಮುಖ ಊದಿ, ಕಣ್ಣು ಮುಚ್ಚಿಹೋಗಿ, ಉಸಿರು ಸಿಳ್ಳೆ ಹಾಕತೊಡಗಿತು. ಅವತ್ತು ಮಗು ಉಳಿದದ್ದೇ ದೊಡ್ಡದು. ಡಾಕ್ಟರಮ್ಮ ತೊಡೆಗೆ ಚುಚ್ಚುವ ಮದ್ದಿನ ಪೆನ್ನನ್ನು ಅವನ ಕೈಗಿಟ್ಟು, “ಧೂಳಷ್ಟು ಸಾಕು. ಹಿಂದಿನ ಸಲ ಆದಷ್ಟೇ ಮುಂದಿನ ಸಲಾನೂ ಆಗತ್ತೆ ಅಂತ ಮಾತ್ರ ನಂಬಬೇಡಿ” ಎಂದಿದ್ದರು.

ಆ ಕೂಸಿಗೆ ಈಗ ನಾಲ್ಕು ವರ್ಷ. ಹುಟ್ಟಿದಾಗ ಪೀಪಿ ಊದಿದಂತೆ ಅಳುತ್ತಿದ್ದಳೆಂದು ಪೀಪಿ ಎನ್ನುವ ಹೆಸರೇ ನಿಂತುಹೋಗಿತ್ತು.

ಅಂದಿನಿಂದ ಅವನು ಮಾಡದ ಕಟ್ಟುನಿಟ್ಟಿಲ್ಲ. ಕಾರ್ಖಾನೆಯಲ್ಲೇ ಸ್ನಾನ ಮಾಡಿ, ಕೆಲಸದ ಬಟ್ಟೆಯನ್ನು ಅಲ್ಲೇ ತಗಡಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟು, ಬೇರೆ ಬಟ್ಟೆ ಉಟ್ಟು ಮನೆಗೆ ಬರುತ್ತಿದ್ದ. ಧೂಳು ಕೂರಬಾರದೆಂದು ತಲೆ ಬೋಳಿಸಿಕೊಂಡ, ಮೀಸೆ ತೆಗೆದ, ಉಗುರನ್ನು ಚರ್ಮ ಕಾಣುವವರೆಗೆ ಕತ್ತರಿಸಿಕೊಂಡ. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಬಕೆಟ್ಟಿನಲ್ಲಿ ಕಾಲು ಅದ್ದಿ ಒಳಗೆ ಬರುತ್ತಿದ್ದ. “ನೀವು ಅತ್ತರೂ ಆ ಕಣ್ಣೀರನ್ನ ಸೋಸಿಬಿಡ್ತೀರಾ” ಎಂದು ಹೆಂಡತಿ ರೇಗಿಸುತ್ತಿದ್ದಳು.

ಇಷ್ಟೆಲ್ಲ ಮಾಡಿದವನು ಇನ್ನೂ ಒಂದು ಮಾಡಿದ. ಹಿಟ್ಟು, ಬ್ರೆಡ್ಡು, ಬಿಸ್ಕತ್ತು ಎಲ್ಲ ಅಂಗಡಿಯಿಂದ ಬರುವಂಥವು. ಯಾವ ಪುಣ್ಯಾತ್ಮ ಯಾವುದರಲ್ಲಿ ಏನು ಬೆರೆಸಿದ್ದಾನೋ ಯಾರಿಗೆ ಗೊತ್ತು? ಪೊಟ್ಟಣದ ಮೇಲೆ ಅಚ್ಚಾದದ್ದನ್ನು ಅವನು ನಂಬುವವನಲ್ಲ. ಅವನು ನಂಬಿದ್ದು ತನ್ನ ನಾಲಿಗೆಯನ್ನು. ಮಗಳ ಬಟ್ಟಲಿನಿಂದ, ಮಗಳ ಚಮಚದಲ್ಲೇ ಮೊದಲ ತುತ್ತು ತಾನು ತೆಗೆದುಕೊಂಡು, ಕಣ್ಣು ಮುಚ್ಚಿ, ಬಾಯಲ್ಲಿ ಆಡಿಸಿ, “ಹೋಗಲಿ” ಎನ್ನುತ್ತಿದ್ದ. ಆಮೇಲೆ ಅದೇ ಚಮಚ ಪೀಪಿಯ ಬಾಯಿಗೆ. ಅವಳಿಗೂ ಅದು ಎಷ್ಟು ರೂಢಿಯಾಯಿತೆಂದರೆ, “ಹೋಗಲಿ” ಎನ್ನುವವರೆಗೆ ತುಟಿ ಬಿಗಿ ಹಿಡಿದು ಕೂತಿರುತ್ತಿದ್ದಳು.

ಕೇಳುವ ನಿಮಗೆ ಇಷ್ಟರಲ್ಲೇ ಎದೆ ಧಸಕ್ಕೆಂದಿರಬೇಕು. ಅವನಿಗೆ ಏನೂ ಅನ್ನಿಸಲಿಲ್ಲ. ದಿನಕ್ಕೆ ಅರವತ್ತು ಒಬ್ಬೆಯ ಬೀಜ ಅಗಿಯುವ ಬಾಯಿ ಅದು. ಹೊರಡುವಾಗ ನೀರು ಹಾಕಿ ಮುಕ್ಕಳಿಸುತ್ತಿದ್ದ, ಉಗುಳುತ್ತಿದ್ದ, ಮುಗಿಯಿತು. ಮೈ ಕೊಳೆಯಾಗುತ್ತದೆ, ಬಟ್ಟೆ ಕೊಳೆಯಾಗುತ್ತದೆ. ಆದರೆ ತಪ್ಪನ್ನು ಹಿಡಿಯುವ ನಾಲಿಗೆಯಲ್ಲೇ ತಪ್ಪಿರಬಹುದೆಂದು ಯಾರಿಗೆ ಹೊಳೆಯುತ್ತದೆ?

ಮೊದಮೊದಲು ಇದು ಭಾನುವಾರಗಳಿಗಷ್ಟೇ ಇತ್ತು, ಯಾಕೆಂದರೆ ಉಳಿದ ದಿನ ಉಣ್ಣಿಸುತ್ತಿದ್ದವಳು ಹೆಂಡತಿ. ಮೂರು ತಿಂಗಳ ಹಿಂದೆ, ಅವಳು ಶರ್ಟಿಗೆ ಕಾಲರು ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಮಧ್ಯಾಹ್ನದ ಪಾಳಿ ಬಿತ್ತು. ಅಂದಿನಿಂದ ಅವನು ಬರುವ ತನಕ ಮಗುವನ್ನು ನೋಡಿಕೊಳ್ಳುವವಳು ಅತ್ತೆ, ಅಂದರೆ ಹೆಂಡತಿಯ ತಾಯಿ. ಸಂಜೆಯ ಊಟ ಅವನ ಕೈಯಿಂದ.

ಎರಡೇ ವಾರಕ್ಕೆ ಪೀಪಿಯ ತುಟಿಯ ಸುತ್ತ ಕೆಂಪು ಗಂಧೆ ಎದ್ದಿತು. ಮುಂದಿನ ವಾರ ಕುತ್ತಿಗೆಗೆ ಇಳಿಯಿತು. ಆಮೇಲೊಂದು ದಿನ ಉಂಡದ್ದನ್ನೆಲ್ಲ ವಾಂತಿ ಮಾಡಿಕೊಂಡು, ಬೆಳಗಿನ ತನಕ ಕೆಮ್ಮಿದಳು. ಹೆಂಡತಿ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನಕ್ಕೆ ಕೆಂಪು ಪೆನ್ಸಿಲಿನ ಗೀಟು ಹಾಕುತ್ತ ಹೋದಳು. ಗೀಟುಗಳು ಹತ್ತಿರ ಹತ್ತಿರ ಬರತೊಡಗಿದವು.

ಮನೆಯೊಳಗೆ ಎಲ್ಲಿಂದಲೋ ಅದು ನುಗ್ಗುತ್ತಿದೆ! ಅವನು ಹುಚ್ಚನಂತಾದ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೀದಿಗೆ ಸುರಿದ. ಪಕ್ಕದ ಮನೆಯವರ ಕಿಟಕಿಯತ್ತ ತೆರೆಯುವ ತಮ್ಮ ಕಿಟಕಿಗೆ ಪ್ಲಾಸ್ಟಿಕ್ ಹೊಡೆದ. ಮಗಳ ತಟ್ಟೆ ಬಟ್ಟಲುಗಳನ್ನು ಕುದಿಸಿದ. ಮತ್ತೆ ಗಂಧೆ ಎದ್ದಾಗ ಮೊದಲ ತುತ್ತನ್ನು ಒಂದರ ಬದಲು ಎರಡು ಮಾಡಿದ.

ಕೊನೆಗೆ ಅವನ ಕಣ್ಣು ಅತ್ತೆಯ ಮೇಲೆ ಬಿತ್ತು. ಆಕೆ ಒಂದು ಸಲ, “ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?” ಎಂದಿದ್ದು ಅವನಿಗೆ ನೆನಪಿತ್ತು. ಆಕೆ ಸ್ನಾನಕ್ಕೆ ಹೋದಾಗ ಆಕೆಯ ಚೀಲ ಬಿಚ್ಚಿ ನೋಡಿದ. ಸಿಕ್ಕಿದ್ದು ಎರಡು ಪೆಪ್ಪರಮೆಂಟು, ಒಂದು ಹಳೆಯ ಕನ್ನಡಕ. ಪೆಪ್ಪರಮೆಂಟನ್ನೂ ಬಾಯಿಗೆ ಹಾಕಿ ಪರೀಕ್ಷಿಸಿದ. ಏನೂ ಇರಲಿಲ್ಲ. ಆದರೂ ಮಾರನೆಯ ದಿನ ಕೇಳಿಯೇಬಿಟ್ಟ.

“ಅತ್ತೆ, ಸ್ವಲ್ಪ ದಿನ ನೀವು ದೊಡ್ಡ ಮಗಳ ಮನೇಲಿ ಇದ್ದು ಬನ್ನಿ.”

“ಯಾಕೆ, ನನ್ನ ಕೈಯಲ್ಲಿ ವಿಷ ಇದೆ ಅಂತೀರಾ ಅಳಿಯಂದ್ರೆ?”

ಆಕೆ ಒಂದೇ ಒಂದು ಹನಿ ಕಣ್ಣೀರು ಹಾಕದೆ ಚೀಲ ಎತ್ತಿಕೊಂಡು ಹೊರಟಳು. ಹೆಂಡತಿ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಅದನ್ನು ಅವನಿಗೆ ಹೇಳುವವರಿರಲಿಲ್ಲ.

ಅವನು ಮುಂಜಾನೆಯ ಪಾಳಿ ಕೇಳಿ ಹಾಕಿಸಿಕೊಂಡ. ಒಂದು ಗಂಟೆಗೆ ಕೆಲಸ ಬಿಟ್ಟು ಒಂದೂವರೆಗೆ ಮನೆ ಸೇರಿದರೆ, ಹೆಂಡತಿ ಹೊರಡುತ್ತಾಳೆ. ಇನ್ನು ಮಗು ತಾಯಿಯ ಕೈಯಿಂದ ತಂದೆಯ ಕೈಗೆ, ನಡುವೆ ಮೂರನೆಯವರಿಲ್ಲ. ಅವನಿಗೆ ಎಷ್ಟೋ ದಿನಗಳ ಮೇಲೆ ಸಮಾಧಾನವೆನಿಸಿತು.

ಮೊದಲ ದಿನವೇ ಆಯಿತು. ಕಾರ್ಖಾನೆಯಲ್ಲಿ ಅಂದು ಹೊಸ ಬೆಳೆಯ ಬೀಜ. ಕೊನೆಯ ಒಬ್ಬೆಯಲ್ಲಿ ಅನುಮಾನ ಬಂದು ಒಂದು ಹಿಡಿ ಪೂರ್ತಿ ಅಗಿದು, ಸ್ನಾನ ಮುಗಿಸಿ ಓಡಿ ಬಂದಿದ್ದ. ಅಕ್ಕಿಯನ್ನು ತಾನೇ ಆರಿಸಿ, ಮೂರು ನೀರಿನಲ್ಲಿ ತೊಳೆದು, ಹೊಸ ಪಾತ್ರೆಯಲ್ಲಿ ಗಂಜಿ ಕಾಯಿಸಿದ. ಉಪ್ಪಿನ ಹೊರತು ಬೇರೇನೂ ಹಾಕಲಿಲ್ಲ. ಪೀಪಿ ಮೇಜಿನ ಮುಂದೆ ಕಾಲು ಆಡಿಸುತ್ತ ಕೂತಿದ್ದಳು. ಒಂದು ಚಮಚ ರುಚಿ ನೋಡಿದ. ಇನ್ನೊಂದು ನೋಡಿದ.

“ಹೋಗಲಿ.”

ಅವಳು ಬಾಯಿ ತೆರೆದಳು. ಮೂರನೆಯ ತುತ್ತಿಗೆ ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಳ್ಳತೊಡಗಿದಳು.

“ಅಪ್ಪ, ನಾಲಿಗೆ ಕಚ್ತಾ ಇದೆ.”

ಗಂಜಿಯಲ್ಲಿ ಏನೋ ಇದೆ! ಚಮಚ ತುಂಬ ಗಂಜಿ ತೆಗೆದು ಬಾಯಿಗೆ ಹಾಕಿಕೊಂಡ. ಅಕ್ಕಿ, ನೀರು, ಉಪ್ಪು. ಕಣ್ಣು ಮುಚ್ಚಿ ಮತ್ತೆ ಹುಡುಕಿದ. ಅಕ್ಕಿ, ನೀರು, ಉಪ್ಪು.

“ಏನೂ ಇಲ್ಲ ಕಂದ, ಬರೀ ಗಂಜಿ. ಇನ್ನೊಂದು ತುತ್ತು ನೋಡೋಣ” ಎಂದ. ಅಪ್ಪ ಹೇಳಿದನೆಂದು ಅವಳು ಅದನ್ನೂ ನುಂಗಿದಳು.

ಎರಡು ನಿಮಿಷ ಕಳೆಯಲಿಲ್ಲ. ತುಟಿ ದಪ್ಪಗಾಯಿತು, ಕಿವಿ ಕೆಂಪಾಯಿತು. “ಅಪ್ಪ” ಎಂದು ಕರೆಯಹೋದವಳ ಗಂಟಲಿನಿಂದ ಹರಿದ ಪೀಪಿಯ ಸದ್ದಷ್ಟೇ ಹೊರಟಿತು. ಮದ್ದಿನ ಪೆನ್ನನ್ನು ತೊಡೆಗೆ ಒತ್ತಿ ಹಿಡಿದು ಹತ್ತು ಎಣಿಸುವಷ್ಟರಲ್ಲಿ ಅವನು ಏಳನ್ನು ಎರಡು ಸಲ ಎಣಿಸಿದ. ಅವಳನ್ನು ಎತ್ತಿಕೊಂಡು ಬೀದಿಗೆ ಓಡಿದ. ಪಕ್ಕದ ಮನೆಯ ಟ್ಯಾಕ್ಸಿ ಡ್ರೈವರು ಊಟದ ಕೈ ತೊಳೆಯದೆ ಗಾಡಿ ತೆಗೆದ. ದಾರಿಯುದ್ದಕ್ಕೂ ಅವನು ಆ ಪುಟ್ಟ ಎದೆಯನ್ನೇ ನೋಡುತ್ತಿದ್ದ. ಒಂದು ಸಲ ಅದು ಏಳುವುದು ತಡವಾಯಿತು.

ಆಸ್ಪತ್ರೆಯಲ್ಲಿ ಎರಡನೆಯ ಇಂಜೆಕ್ಷನ್ನು, ಆಮ್ಲಜನಕ, ಬಾಗಿಲು ಹಾಕಿದ ಕೋಣೆ. ಮೈಮೇಲೆ ದಾರದ ಚೂರುಗಳ ಸಮೇತ ಹೆಂಡತಿ ಓಡಿಬಂದಳು. ದಾರಿಯಲ್ಲಿ ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರನ್ನು ಮೊಳೆ ಸಮೇತ ಕಿತ್ತು ತಂದಿದ್ದಳು, ಡಾಕ್ಟರಿಗೆ ತೋರಿಸಲು. ಕಾಯುವ ಬೆಂಚಿನ ಮೇಲೆ ಅದನ್ನು ಹರಡಿಕೊಂಡು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಒಂದು ಸಾಲಿನ ಮೇಲೆ ಬೆರಳಿಟ್ಟಳು.

“ರೀ, ಭಾನುವಾರ ಒಂದೂ ಗೀಟಿಲ್ಲ.”

“ಭಾನುವಾರ ನಾನು ಮನೇಲೇ ಇರ್ತೀನಲ್ಲ, ಮೂರು ಹೊತ್ತೂ ರುಚಿ ನೋಡಿಯೇ ಕೊಡ್ತೀನಿ” ಎಂದ ಅವನು. ಹೇಳುವಾಗ ಆ ಮಾತಿನಲ್ಲಿ ಹೆಮ್ಮೆಯೇ ಇತ್ತು.

ಡಾಕ್ಟರಮ್ಮ ಬಾಗಿಲಲ್ಲೇ ನಿಂತು ಅದನ್ನು ಕೇಳಿಸಿಕೊಂಡರು. ಮಗು ಉಸಿರಾಡುತ್ತಿದೆ ಎಂದು ಮೊದಲು ಹೇಳಿದರು. ಆಮೇಲೆ ಕೇಳಿದರು.

“ರುಚಿ ಅಂದ್ರೆ ಹೇಗೆ ನೋಡ್ತೀರಿ?”

“ಒಂದು ಚಮಚ ನಾನು ತಗೊಂಡು…”

“ಅದೇ ಚಮಚ ಮಗುಗೆ?”

“ಹೂಂ.”

“ಇವತ್ತು ಕೊನೇ ಸಲ ಕಡಲೆಬೀಜ ಅಗಿದಿದ್ದು ಎಷ್ಟು ಹೊತ್ತಿಗೆ?”

ಒಂದು ಗಂಟೆಗೆ ಎನ್ನಲು ಬಾಯಿ ತೆರೆದ. ಆ ಬಾಯಿ ಹಾಗೆಯೇ ಉಳಿಯಿತು. ಮುಕ್ಕಳಿಸಿದರೆ ಹೋಗುವುದಿಲ್ಲ, ಗಂಟೆಗಟ್ಟಲೆ ಎಂಜಲಿನಲ್ಲಿ ಇರುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದುದು ಅವನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಇನ್ನೊಂದು ತುತ್ತು ನೋಡೋಣ ಎಂದವನು ತಾನು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಹೀಗೆ. ಆಸ್ಪತ್ರೆಯ ನಲ್ಲಿಯ ಮುಂದೆ ನಿಂತು, ಒಸಡಿನಲ್ಲಿ ರಕ್ತ ಬರುವ ತನಕ ಬೆರಳಿನಿಂದ ಹಲ್ಲುಜ್ಜಿದ. ಅತ್ತ, ಜೋರಾಗಿ ಅತ್ತ.

ಆ ಸಂಜೆ ಅವನೇ ಹೋಗಿ ಅತ್ತೆಯನ್ನು ಕರೆತಂದ. ಕಾಲು ಹಿಡಿಯಹೋದವನನ್ನು ಆಕೆ ತಡೆದಳು. “ನನ್ನ ಕೈ ಅಲ್ಲ ಅಂತ ಗೊತ್ತಾಯ್ತಲ್ಲ, ಸಾಕು. ನಿಮ್ಮ ಬಾಯಿ ಅಂತ ಗೊತ್ತಾಗಿದ್ದಕ್ಕೆ ನಂಗೇನೂ ಖುಷಿ ಇಲ್ಲ ಅಳಿಯಂದ್ರೆ” ಎಂದಳು. ಕಾರ್ಖಾನೆಗೆ ತಾನು ಇನ್ನು ಬರುವುದಿಲ್ಲವೆಂದು ಹೇಳಿ ಕಳಿಸಿದ. ಬೇರೆ ಕೆಲಸ ಏನೆಂದು ಅವನಿಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಪೀಪಿ ಮನೆಗೆ ಬಂದಳು, ಒಣಗಿದ ಕಡ್ಡಿಯಾಗಿ. ಅತ್ತೆ ಆಲೂಗಡ್ಡೆ ಬೇಯಿಸಿ ನುಣ್ಣಗೆ ಹಿಸುಕಿ ಬಟ್ಟಲಿನಲ್ಲಿ ತಂದಳು. ಮಗು ಬಟ್ಟಲನ್ನು ನೋಡಲಿಲ್ಲ. ಕೋಣೆಯ ಆ ತುದಿಯಲ್ಲಿ ಗೋಡೆಗೆ ಒರಗಿ ಕೂತಿದ್ದ ಅಪ್ಪನನ್ನು ನೋಡಿದಳು.

“ಅಪ್ಪ ರುಚಿ ನೋಡ್ಲಿ.”

“ಅಜ್ಜಿ ನೋಡಿದೀನಿ ಪುಟ್ಟ, ಚೆನ್ನಾಗಿದೆ.”

“ಊಹೂಂ. ಅಪ್ಪ.”

ತುಟಿ ಬಿಗಿಯಾಯಿತು. ಮಧ್ಯಾಹ್ನವೂ ಹಾಗೆಯೇ ಆಯಿತು. ಹಾಲಿಗೂ ಹಾಗೆಯೇ. ಸಂಜೆಯ ಹೊತ್ತಿಗೆ ತಾಯಿ ಗದರಿಸಿ, ಮುದ್ದಿಸಿ, ಸೋತು ಕೂತಳು. ಹೊಟ್ಟೆ ಹಸಿದ ಮಗು ಚಮಚವನ್ನು ಎತ್ತಿಕೊಂಡು, ನಡುಗುವ ಕಾಲಿನಲ್ಲಿ ನಡೆದು ಬಂದು ಅವನ ಮುಂದೆ ಹಿಡಿಯಿತು. ಅವನು ಗೋಡೆಯೊಳಗೆ ಹೋಗುವವನಂತೆ ಹಿಂದೆ ಸರಿದ. ಕಡಲೆಬೀಜ ಮುಟ್ಟಿ ನಾಲ್ಕು ದಿನವಾಗಿತ್ತು. ಈಗ ಆ ಬಾಯಲ್ಲಿ ಏನೂ ಇರಲಿಲ್ಲ, ಡಾಕ್ಟರಮ್ಮನೇ ಹೇಳಿದ್ದರು. ಆದರೂ ಅದನ್ನು ತೆರೆಯಲು ಅವನಿಗೆ ಧೈರ್ಯವಿರಲಿಲ್ಲ. ಇವತ್ತು ರುಚಿ ನೋಡಿದರೆ ನಾಳೆಯೂ ನೋಡಬೇಕು, ನಾಳೆ ಯಾರದೋ ಮನೆಯಲ್ಲಿ ಇನ್ನಾರೋ ನೋಡಿ ಕೊಟ್ಟರೂ ಇವಳು ತಿಂದುಬಿಡುತ್ತಾಳೆ. ಹೇಳಲೇಬೇಕಿತ್ತು.

“ಕಂದ, ನಿನಗೆ ಆಗದೆ ಇರೋದು ಗಂಜೀಲಿ ಇರಲಿಲ್ಲ. ಅಪ್ಪನ ಬಾಯಲ್ಲಿತ್ತು. ಅಪ್ಪನ ಬಾಯಿಂದ ಚಮಚಕ್ಕೆ ಬಂತು. ಇನ್ಮೇಲೆ ಯಾರ ಬಾಯಿಗೆ ಹೋದ ಚಮಚಾನೂ ನೀನು ತಗೋಬಾರ್ದು. ಅಪ್ಪಂದೂ ಕೂಡ.”

ಪೀಪಿ ಚಮಚ ಕೆಳಗಿಳಿಸಿದಳು. ಅವನ ತುಟಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಹೆಜ್ಜೆ ಹಿಂದೆ ಹೋದಳು, ಇನ್ನೊಂದು ಹೆಜ್ಜೆ, ಅಜ್ಜಿಯ ಮೊಣಕಾಲು ಬೆನ್ನಿಗೆ ತಗಲುವ ತನಕ.

“ಈಗ್ಲೂ ಇದೆಯಾ?”

“ಈಗ ಇಲ್ಲ ಮಗಳೇ, ಹೋಗಿದೆ, ಈಗ ಪೂರಾ—”

“ಆದ್ರೂ ಮಾತಾಡ್ಬೇಡ” ಎಂದಳು ಮಗಳು. “ನಾನು ತಿನ್ನೋವಾಗ ಬಾಯಿ ತೆಗೀಬೇಡ.”

ಅವನು ತಲೆಯಾಡಿಸಿ, ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅಜ್ಜಿ ಹೊಸ ಚಮಚ ತಂದಳು. ಪೀಪಿ ಬಟ್ಟಲು ಖಾಲಿಯಾಗುವ ತನಕ ತಿಂದಳು, ಒಂದೊಂದು ತುತ್ತಿಗೂ ಅವನ ಕೈಗಳು ಅಲ್ಲೇ ಇವೆಯೇ ಎಂದು ನೋಡುತ್ತ.